ದಿನ ಎಣಿಸಲು ಶುರು ಮಾಡಿದ ಮೇಲೆ

ತುಮಕೂರಿನ ಒಂದು ಜಿಲ್ಲಾ ಕಚೇರಿಯಲ್ಲಿ ನಾನು ಆಡಳಿತ ಶಾಖೆಯ ಅಧೀಕ್ಷಕಿ. ಸಂಬಳದ ಬಿಲ್ಲು, ರಜೆ, ಇನ್‌ಕ್ರಿಮೆಂಟ್, ಸೇವಾ ಪುಸ್ತಕ, ಪಿಂಚಣಿ, ಟಪಾಲು, ಸ್ಟೇಷನರಿ, ಜೀಪು ಎಲ್ಲವೂ ನಮ್ಮ ಶಾಖೆಯದ್ದೇ. ಹತ್ತು ತಾಲ್ಲೂಕಿನ ನಮ್ಮ ನೌಕರರಿಗೆ ಏನೇ ಆಗಬೇಕಿದ್ದರೂ ಕಾಗದ ಇಲ್ಲಿಗೇ ಬರಬೇಕು.

ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಕೇಳುವುದು ಯೋಜನೆಗಳ ಲೆಕ್ಕ. ಗುರಿ ಎಷ್ಟು, ಸಾಧನೆ ಎಷ್ಟು, ಅನುದಾನ ಎಷ್ಟು ಖರ್ಚಾಯಿತು. ನಮ್ಮ ಶಾಖೆಯನ್ನು ಸಾಹೇಬರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಬಾಕಿ ಕಡತ ಎಷ್ಟು? ಬಾಕಿ ಕಡಿಮೆ ಇದ್ದರೆ ಶಾಖೆ ಚೆನ್ನಾಗಿ ನಡೆಯುತ್ತಿದೆ ಅಂತ ನಾನೂ ನಂಬಿದ್ದೆ.

ಆಮೇಲೆ ಪಾವಗಡದ ಒಬ್ಬ ಡಿ ಗ್ರೂಪ್ ನೌಕರರು ಮಗಳ ಮದುವೆಗೆ ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ) ಮುಂಗಡ ಕೇಳಿದರು. ಮೊದಲ ಸಲ ಲಗ್ನಪತ್ರಿಕೆ ಇಲ್ಲ ಅಂತ ವಾಪಸ್ ಕಳಿಸಿದೆವು. ಎರಡನೇ ಸಲ ಕಟಾವಣೆಯ ವಿವರ ಇಲ್ಲ ಅಂತ. ಮೂರನೇ ಸಲ ತಾಲ್ಲೂಕು ಅಧಿಕಾರಿಯ ಸಹಿ ಬಿಟ್ಟು ಹೋಗಿತ್ತು. ಪ್ರತಿ ಸಲ ವಾಪಸ್ ಕಳಿಸಿದಾಗಲೂ ವಹಿಯಲ್ಲಿ 'ವಿಲೇ' ಅಂತ ಬರೆದಿದ್ದೆವು. ನಮ್ಮ ಪಟ್ಟಿಯಲ್ಲಿ ಮೂರು ಅರ್ಜಿ ವಿಲೇವಾರಿ. ಅವರ ಕೈಗೆ ದುಡ್ಡು ಬಂದದ್ದು ಮದುವೆ ಮುಗಿದ ಮೇಲೆ.

"ಮೇಡಂ, ಮೂರೂ ಒಂದೇ ಸಲ ಹೇಳಿದ್ದಿದ್ರೆ ಒಂದೇ ಓಡಾಟದಲ್ಲಿ ಮುಗೀತಿತ್ತು" ಅಂದರು. ಕೋಪ ಮಾಡಿಕೊಳ್ಳಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಸಾರ್ವಜನಿಕರ ಸೇವೆಗಳನ್ನು ಗಡುವಿನೊಳಗೆ ಕೊಡಲೇಬೇಕು ಅನ್ನುವ ಸಕಾಲ ಇದೆ. 2011ರ ಕಾಯ್ದೆ, 2012ರಿಂದ ಜಾರಿಯಲ್ಲಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ನಮ್ಮದೇ ನೌಕರರ ಅರ್ಜಿಗೂ ಹೀಗೊಂದು ಗಡುವು ಯಾಕಿರಬಾರದು? ಸಾಹೇಬರ ಒಪ್ಪಿಗೆ ತೆಗೆದುಕೊಂಡು ವಹಿಯಲ್ಲಿ ಹೊಸ ಕಾಲಂ ಹಾಕಿದೆ. ಟಪಾಲು ಸೀಲು ಬಿದ್ದ ದಿನದಿಂದ ಆದೇಶ ಅಥವಾ ದುಡ್ಡು ನೌಕರರ ಕೈ ಸೇರುವವರೆಗೆ ಎಷ್ಟು ದಿನ ಅಂತ. ನಡುವೆ ವಾಪಸ್ ಕಳಿಸಿದರೂ ಎಣಿಕೆ ನಿಲ್ಲುವುದಿಲ್ಲ.

ಕಡತ ನೋಡುವ ವಿಷಯ ನಿರ್ವಾಹಕರಿಗೆ ಬೇಜಾರಾಯಿತು. "ತಾಲ್ಲೂಕಿನವರು ತಡ ಮಾಡಿದ್ದಕ್ಕೂ ನಮ್ಮ ಹೆಸರೇ ಯಾಕೆ ಮೇಡಂ?" ಅಂತ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರು) ಒಬ್ಬರು ಕೇಳಿದರು. ಮಾತು ಸರಿ ಇತ್ತು. ಹಾಗಾಗಿ ನಮ್ಮ ಹತ್ತಿರ ಇದ್ದ ದಿನ, ಹೊರಗೆ ಇದ್ದ ದಿನ ಅಂತ ಬೇರೆ ಬೇರೆ ಬರೆದೆವು. ಒಟ್ಟು ದಿನವನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆಯುವುದು ಬಿಡಲಿಲ್ಲ. ಕಾಯುವವರಿಗೆ ಬೇಕಾದದ್ದು ಆ ಒಟ್ಟು ಲೆಕ್ಕ, ಅಲ್ವಾ?

ಮೂರು ತಿಂಗಳ ವಹಿ ನೋಡಿದಾಗ ಗೊತ್ತಾಯಿತು, ಕಡತ ಮೇಜಿನ ಮೇಲೆ ನಿಂತದ್ದು ಕಡಿಮೆ, ತಡ ಆಗುತ್ತಿದ್ದದ್ದು ಅದಕ್ಕೂ ಮೊದಲೇ. ತಾಲ್ಲೂಕಿನಿಂದ ಟಪಾಲು ವಾರಕ್ಕೊಮ್ಮೆ ಕಟ್ಟು ಕಟ್ಟಿ ಬರುತ್ತಿತ್ತು. ಬಂದದ್ದು ಟಪಾಲಿನ ಟ್ರೇಯಲ್ಲಿ ಕೂರುತ್ತಿತ್ತು. ಕಡತಗಳನ್ನು ಕಂಪ್ಯೂಟರ್‌ನಲ್ಲೇ ನಡೆಸುವ ಇ-ಆಫೀಸ್‌ನಲ್ಲಿ ಕಡತ ಯಾರ ಹತ್ತಿರ ಎಷ್ಟು ದಿನ ಇತ್ತು ಅಂತ ಕಾಣುತ್ತದೆ, ನಿಜ. ಆದರೆ ಕಾಗದ ಸ್ಕ್ಯಾನ್ ಆಗಿ ಒಳಗೆ ಹೋದ ಮೇಲಿನ ಲೆಕ್ಕ ಅದು. ಸ್ಕ್ಯಾನ್ ಆಗದೆ ಬಿದ್ದಿದ್ದ ದಿನಗಳು ಅದರಲ್ಲಿ ಇಲ್ಲವೇ ಇಲ್ಲ. ಈಗ ಬಂದ ದಿನವೇ ಸೀಲು, ಅವತ್ತೇ ಸ್ಕ್ಯಾನ್. ಯಾವ ಅರ್ಜಿಗೆ ಏನೇನು ಲಗತ್ತಿಸಬೇಕು ಅನ್ನುವ ಒಂದು ಪುಟದ ಪಟ್ಟಿ ಎಲ್ಲ ತಾಲ್ಲೂಕಿಗೂ ಹೋಗಿದೆ. ಕೊರತೆ ಇದ್ದರೆ ಟಪಾಲು ನೋಡುವವರೇ ಅವತ್ತೇ ಫೋನ್ ಮಾಡಿ ಎಲ್ಲವನ್ನೂ ಒಟ್ಟಿಗೆ ಹೇಳುತ್ತಾರೆ.

ಎರಡನೇ ಕೆಲಸ ವರ್ಷದ ಯೋಜನೆ. ನಮ್ಮ ಶಾಖೆಗೆ ದಿಢೀರ್ ಅಂತ ಬರುವ ಕೆಲಸ ಕಡಿಮೆ. ಜನವರಿ 1, ಜುಲೈ 1 ಬಂದರೆ ಇನ್‌ಕ್ರಿಮೆಂಟ್, ಖಾತೆಗೆ 15 ದಿನ ಗಳಿಕೆ ರಜೆ. ಅರವತ್ತು ತುಂಬಿದ ತಿಂಗಳ ಕೊನೆಗೆ ನಿವೃತ್ತಿ. ಕೆಲಸಕ್ಕೆ ಸೇರಿದ ದಿನವೇ ಗೊತ್ತಿರುವ ತಾರೀಕು ಅದು. ಏಪ್ರಿಲ್‌ನಲ್ಲಿ ಇವನ್ನೆಲ್ಲ ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮುಂದಿನ ಎರಡು ವರ್ಷದಲ್ಲಿ ನಿವೃತ್ತಿ ಆಗುವವರ ಸೇವಾ ಪುಸ್ತಕಗಳನ್ನು ಆಗಲೇ ಬೀರುವಿನಿಂದ ಇಳಿಸಿದೆವು.

ಅದರಲ್ಲಿ ಒಬ್ಬ ಚಾಲಕರ ಪುಸ್ತಕದ ಬೆನ್ನು ಕಿತ್ತು, ದಾರದಲ್ಲಿ ಕಟ್ಟಿದ್ದರು. ಶಿರಾದಲ್ಲಿದ್ದಾಗಿನ ಎರಡು ವರ್ಷದ ಪುಟದಲ್ಲಿ 'ಸೇವೆ ಪರಿಶೀಲಿಸಿದೆ' ಅನ್ನುವ ದೃಢೀಕರಣವೇ ಇಲ್ಲ. ಸಹಿ ಹಾಕಬೇಕಿದ್ದ ಅಧಿಕಾರಿ ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ದಾಖಲೆ ಕೊಠಡಿಯಲ್ಲಿ ಆ ಕಾಲದ ಸಂಬಳದ ಬಿಲ್ಲಿನ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದೆವು. ಧೂಳಿಗೆ ಎಲ್ಲರಿಗೂ ಸೀನು. ಎರಡು ವಾರ ಹಿಡಿಯಿತು, ಬಿಲ್ಲು ಸಿಕ್ಕಿತು, ದೃಢೀಕರಣ ಆಯಿತು. ಇದೇ ಕೊರತೆ, ಪಿಂಚಣಿ ಕಾಗದ ಪರಿಶೀಲಿಸುವ ಬೆಂಗಳೂರಿನ ಮಹಾಲೇಖಪಾಲರ ಕಚೇರಿಯ ಆಕ್ಷೇಪಣೆಯಾಗಿ, ಚಾಲಕರು ನಿವೃತ್ತರಾಗಿ ಮನೆಗೆ ಹೋದ ಮೇಲೆ ಬಂದಿದ್ದರೆ? ನೆನೆಸಿಕೊಂಡರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಸಾಮಾನ್ಯ ವೆಚ್ಚದ ದುಡ್ಡನ್ನೂ ಮಾರ್ಚ್‌ನಲ್ಲಿ ಒಟ್ಟಿಗೆ ಖರ್ಚು ಮಾಡುವುದು ಬಿಟ್ಟು, ಮೂರು ತಿಂಗಳಿಗೊಮ್ಮೆ ಟೋನರ್, ಕಾಗದ ತರಿಸುತ್ತಿದ್ದೇವೆ.

ಆ ಚಾಲಕರ ಪಿಂಚಣಿ ಕಾಗದ ಬೆಂಗಳೂರಿಗೆ ಹೋಗಿದೆ. ಗೋಡೆಯ ಹಾಳೆಯಲ್ಲಿ ಅವರ ಹೆಸರಿನ ಮುಂದೆ ಇನ್ನೂ ಒಂದು ಖಾಲಿ ಚೌಕ ಇದೆ. ಮೊದಲ ತಿಂಗಳ ಪಿಂಚಣಿ ಬಂತು ಅಂತ ಅವರೇ ಫೋನ್ ಮಾಡಿದ ದಿನ ಅದರಲ್ಲಿ ತಾರೀಕು ಬರೆಯುತ್ತೇನೆ.