ಮಗುಗೆ ಓದೋಕೆ ಬರಿಯೋಕೆ ಕಲಿಸ್ತಿದೀರಾ? ಅಆಇಈ ಇಂದ ಶುರು ಮಾಡ್ಬೇಡಿ
ನನ್ನ ಮಗಳು ಶಾಲೆಗೆ ಸೇರೋ ಮುಂಚೇನೇ ಅ ಇಂದ ಳ ವರೆಗೂ 49 ಅಕ್ಷರ ಗಡಗಡ ಅಂತ ಒಪ್ಪಿಸ್ತಿದ್ಲು, ಆದ್ರೆ ಸ್ಲೇಟ್ ಮೇಲೆ 'ಸರ' ಅಂತ ಬರ್ದು ತೋರ್ಸಿದ್ರೆ ಸುಮ್ನೆ ನನ್ನ ಮುಖ ನೋಡೋಳು. ಬಾಯಿಪಾಠ ಬೇರೆ ಓದು ಬೇರೆ ಅಂತ ನಂಗೆ ಅವತ್ತು ಗೊತ್ತಾಯ್ತು.

ಮೊದ್ಲು ಕಿವಿ ತಯಾರಾಗ್ಬೇಕು. ಒಂದೆರಡು ವಾರ ಪುಸ್ತಕ ಮುಟ್ಟದೇನೇ ಪದ ಒಡೆಯೋ ಆಟ ಆಡಿ, ಮರ ಅಂದ್ರೆ ಎರಡು ಚಪ್ಪಾಳೆ, ಗರಗಸಕ್ಕೆ ನಾಲ್ಕು, ಆಮೇಲೆ 'ಮ' ಇಂದ ಶುರುವಾಗೋದು ಇನ್ನೇನಿದೆ ಹೇಳು ಪುಟ್ಟಿ ಅಂತ ಕೇಳ್ತಾ ಹೋಗಿ.

ಆಮೇಲೆ ಅಕ್ಷರ. ವರ್ಣಮಾಲೆ ಕ್ರಮದಲ್ಲಿ ಹೋದ್ರೆ ಸ್ವರ ಎಲ್ಲಾ ಮುಗಿದ್ರೂ ಮಗು ಓದೋಕೆ ಪದಾನೇ ಸಿಗಲ್ಲ. ನಮ್ಮ ಸರ್ಕಾರಿ ಶಾಲೇಲಿ ಆಟ ಆಡಿಸ್ತಾ ಕಲಿಸೋ 'ನಲಿಕಲಿ' ಪದ್ಧತೀಲಿ ರ ಗ ಸ ದ ಅ ಇಂದ ಶುರು ಮಾಡ್ತಾರೆ ನೋಡಿ, ಅದು ನಿಜವಾಗ್ಲೂ ಒಳ್ಳೆ ದಾರಿ, ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಎಲ್ಲಾ ಬಂತು! ಆಮೇಲೆ ಜ ವ ಮ ಬ ನ ಸೇರ್ಸಿದ್ರೆ ಮರ, ಜನ, ನಗ, ಬಸವ. ಮಗು ತಾನೇ ಕೂಡಿಸ್ಕೊಂಡು 'ಗರಗಸ' ಅಂತ ಓದಿದಾಗ ಅದರ ಮುಖ ನೋಡ್ಬೇಕು ನೀವು. ದ-ಧ, ಬ-ಭ ಮಾತ್ರ ಒಂದೇ ದಿನ ಹೇಳ್ಕೊಡ್ಬೇಡಿ, ಹೊಟ್ಟೆ ಸೀಳಿದ್ಯೋ ಇಲ್ವೋ ಅಂತ ಮಕ್ಕಳಿಗೆ ಗೊಂದಲ ಆಗುತ್ತೆ.

ಕಾಗುಣಿತಾನೂ ಪೂರ್ತಿ ಒಂದೇ ಸಲ ಬೇಡ. ಮೊದ್ಲು ಇಳಿ (ದೀರ್ಘ 'ಆ' ಗುರುತು) ಒಂದೇ, ದನ-ದಾನ, ಮರ-ಮಾರ ಅಂತ ಜೋಡಿ ಮಾಡಿ ಓದ್ಸಿ, ಎಳೆದು ಹೇಳಿದ್ರೆ ಅರ್ಥಾನೇ ಬದಲಾಗುತ್ತೆ ಅಂತ ತಾನಾಗೇ ಹಿಡೀತಾರೆ, ಅದು ಗಟ್ಟಿ ಆದ್ಮೇಲೆ ಗುಡಿಸು ('ಇ' ಗುರುತು), ಕೊಂಬು ('ಉ' ಗುರುತು). ಒತ್ತಕ್ಷರಕ್ಕೆ ಅಕ್ಕ, ಅಮ್ಮ, ಅಪ್ಪ, ಅಜ್ಜ ಇಂದ ಶುರು ಮಾಡಿ. ಸೂರ್ಯದಲ್ಲಿರೋ ಅರ್ಕಾವತ್ತು ಎಲ್ಲಕ್ಕಿಂತ ಕೊನೇಗೆ, ಯಾಕಂದ್ರೆ ಮೊದ್ಲು ಕೇಳ್ಸೋ ರ ಶಬ್ದಾನ ಆಮೇಲೆ ಬರೀಬೇಕು, ದೊಡ್ಡವರೇ ತಪ್ತಾರೆ.

ಬರವಣಿಗೆಗೆ ಅವಸರ ಬೇಡ. ಮರಳಲ್ಲಿ ಬೆರಳಾಡಿಸಿ ದೊಡ್ಡದಾಗಿ ಬರೀಲಿ, ಆಮೇಲೆ ಬಳಪ, ಪೆನ್ಸಿಲ್ ಕೊನೇಗೆ. ಐದಾರು ವರ್ಷದವರು ಅಕ್ಷರ ಉಲ್ಟಾ ಬರೆಯೋದು ಸಹಜ, ದಯವಿಟ್ಟು ಬೈಬೇಡಿ, ನೂರು ಸಲ ಬರಿ ಅಂತ ಕೂರಿಸ್ಲೂಬೇಡಿ. ಅದರ ಬದ್ಲು ತಾನು ಬರೆದ ಚಿತ್ರದ ಕೆಳಗೆ ಹೆಸರು ಬರೀಲಿ, ತಪ್ಪಿದ್ರೂ ಪರವಾಗಿಲ್ಲ.

ಇದೆಲ್ಲದರ ಜೊತೆಗೆ ದಿನಾ ರಾತ್ರಿ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸ್ಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಕಥೆ ಓದಿ, ಅವಕ್ಕೆ ಗೊತ್ತಿರೋ ಪದ ಬಂದಾಗ ನೀವು ನಿಲ್ಸಿ, ಅವ್ರೇ ಓದ್ಲಿ.