ಬರ ಪರಿಹಾರದ ಹಣ ಸಿಗಬೇಕಾದರೆ ಮಳೆಗಾಲದಲ್ಲೇ ಮುಗಿಸಬೇಕಾದ ಕೆಲಸಗಳು

2024ರ ಮೇ ತಿಂಗಳು. ಚಿತ್ರದುರ್ಗ ಸೀಮೆಯ ನಮ್ಮೂರಿನಲ್ಲಿ ಒಬ್ಬೊಬ್ಬರ ಮೊಬೈಲಿಗೂ ಬ್ಯಾಂಕಿನ ಮೆಸೇಜ್ ಬರುತ್ತಿತ್ತು. 2023ರ ಮುಂಗಾರು ಕೈಕೊಟ್ಟಿದ್ದಕ್ಕೆ ಬರ ಪರಿಹಾರದ ಹಣ. ನಮ್ಮ ಹೊಲದ ಬದುವಿಗೆ ಹತ್ತಿಕೊಂಡೇ ಒಬ್ಬ ಅಜ್ಜಿಯ ಹೊಲ ಇದೆ, ಎರಡು ಎಕರೆ ಮೂವತ್ತು ಗುಂಟೆ, ಅವರದ್ದೂ ಶೇಂಗಾ, ಅವರದ್ದೂ ನಮ್ಮ ಹಾಗೆಯೇ ಹೂ ಬಿಡುವ ಹೊತ್ತಿಗೆ ಒಣಗಿತ್ತು. ನಮಗೆ ಹಣ ಬಂತು, ಅಜ್ಜಿಗೆ ಬರಲಿಲ್ಲ. ಪಾಸ್‌ಬುಕ್ ಹಿಡಿದುಕೊಂಡು ಮೂರು ದಿನ ನಮ್ಮ ಮನೆಗೆ ಬಂದರು, "ನೋಡಪ್ಪಾ, ನಂದು ಯಾಕೆ ಬಂದಿಲ್ಲ" ಅಂತ. ಪಹಣಿ, ಅಂದರೆ ಜಮೀನು ಯಾರದ್ದು ಅಂತ ಹೇಳುವ ಸರ್ಕಾರಿ ದಾಖಲೆ, ತೆಗೆಸಿ ನೋಡಿದರೆ ಜಮೀನು ಇನ್ನೂ ಅವರ ಯಜಮಾನರ ಹೆಸರಿನಲ್ಲೇ ಇತ್ತು. ಅವರು ತೀರಿಕೊಂಡು ಒಂಬತ್ತು ವರ್ಷ ಆಗಿತ್ತು.

ಅವತ್ತಿನಿಂದ ನಾನು ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೇನೆ. ಬರ ಪರಿಹಾರ ಸಿಗುತ್ತದೋ ಇಲ್ಲವೋ ಅನ್ನೋದು ಹಣ ಬಿಡುಗಡೆ ಆದ ದಿನ ತೀರ್ಮಾನ ಆಗುವುದಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ನಿಮ್ಮ ಹೆಸರು, ನಿಮ್ಮ ಸರ್ವೆ ನಂಬರ್, ನಿಮ್ಮ ಬೆಳೆ ಸರ್ಕಾರದ ಕಂಪ್ಯೂಟರಿನಲ್ಲಿ ಹೇಗೆ ಕೂತಿದೆ ಅನ್ನೋದರ ಮೇಲೆ ತೀರ್ಮಾನ ಆಗುತ್ತದೆ. ಆಮೇಲೆ ಓಡಾಡಿದರೆ ಚಪ್ಪಲಿ ಸವೆಯುತ್ತದೆ ಅಷ್ಟೇ. ಹಾಗಾಗಿ ಏನೇನು ಮಾಡಬೇಕು ಅಂತ ನಾನು ಕಂಡಂತೆ, ನಮ್ಮೂರಿನವರ ಜೊತೆ ಓಡಾಡಿ ಕಲಿತಂತೆ ಬರೆಯುತ್ತೇನೆ.

ಮೊದಲು ಪಹಣಿ. ಇವತ್ತೇ ತೆಗೆಸಿ, ಒಂಬತ್ತನೇ ಕಾಲಂ ಓದಿ. ಅಲ್ಲಿ ಯಾರ ಹೆಸರಿದೆಯೋ ಪರಿಹಾರ ಅವರಿಗೇ. ಅಪ್ಪನೋ ತಾತನೋ ತೀರಿಹೋಗಿದ್ದು ಖಾತೆ ಬದಲಾಗದೇ ಇದ್ದರೆ ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಲೇಬೇಕು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಹಿಡಿದು ನಾಡಕಚೇರಿಗೆ ಹೋಗಿ ಅರ್ಜಿ ಕೊಡಿ. ಅಣ್ಣತಮ್ಮಂದಿರ ಮಧ್ಯೆ ಭಾಗ ಆಗಿಲ್ಲ ಅಂತ ಎಷ್ಟೋ ಜನ ಇದನ್ನು ಮುಂದೂಡುತ್ತಾರೆ. ಭಾಗಕ್ಕೂ ಪೌತಿಗೂ ಸಂಬಂಧ ಇಲ್ಲ, ಎಲ್ಲರ ಹೆಸರಿನಲ್ಲೂ ಜಂಟಿಯಾಗಿ ಖಾತೆ ಆಗುತ್ತದೆ, ಜಗಳ ಇದ್ದರೆ ಅದು ಆಮೇಲೆ ಬಗೆಹರಿಯಲಿ. ಹಾಗೇ ಹೆಸರಿನ ಅಕ್ಷರವನ್ನೂ ನೋಡಿ. ಪಹಣಿಯಲ್ಲಿ ಬಿನ್, ಕೋಂ ಅಂತ ತಂದೆ, ಗಂಡನ ಹೆಸರು ಸೇರಿರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಬ್ಯಾಂಕಿನಲ್ಲಿ ಇನ್ನೊಂದು ಥರ. ಸ್ವಲ್ಪ ವ್ಯತ್ಯಾಸಕ್ಕೆ ತೊಂದರೆ ಆಗದೇ ಇರಬಹುದು, ಹೆಸರೇ ಬೇರೆ ಅನ್ನಿಸುವಷ್ಟು ಇದ್ದರೆ ಖಂಡಿತ ಆಗುತ್ತದೆ.

ಎರಡನೆಯದು ಎಫ್‌ಐಡಿ, ಅಂದರೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಕೊಡುವ ಗುರುತಿನ ಸಂಖ್ಯೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ಒಂದು ಫೋಟೋ ತೆಗೆದುಕೊಂಡು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. ತೋಟಗಾರಿಕೆ, ರೇಷ್ಮೆ ಇಲಾಖೆಯ ಕಚೇರಿಯಲ್ಲೂ ಆಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣ ಪತ್ರವನ್ನೂ ಒಯ್ಯಿರಿ. "ನಂದು ಎಫ್‌ಐಡಿ ಆಗಿದೆ ಬಿಡಿ" ಅಂತ ಬಹಳ ಜನ ಹೇಳುತ್ತಾರೆ. ತೆಗೆದು ನೋಡಿದರೆ ಮೂರು ಸರ್ವೆ ನಂಬರ್ ಪೈಕಿ ಒಂದೇ ಸೇರಿರುತ್ತದೆ, ಯಾವಾಗಲೋ ಬೀಜ ತರೋಕೆ ಅಂತ ಅವಸರದಲ್ಲಿ ಮಾಡಿಸಿದ್ದು. ಸೇರದೇ ಇರುವ ಸರ್ವೆ ನಂಬರಿಗೆ ಒಂದು ಪೈಸೆ ಬರುವುದಿಲ್ಲ. ಅದಕ್ಕೇ ಕಂಪ್ಯೂಟರ್ ಮುಂದೆ ಕೂತವರ ಹತ್ತಿರ ನಿಂತು, ನಿಮ್ಮ ಎಲ್ಲ ಸರ್ವೆ ನಂಬರ್, ಹಿಸ್ಸಾ, ಎಕರೆ ಗುಂಟೆ ಸಮೇತ ಓದಿ ಹೇಳಿ ಅಂತ ಕೇಳಿ. ಬೇರೆ ಊರಿನ ಎಲ್ಲೆಯಲ್ಲಿ ತುಂಡು ಜಮೀನು ಇದ್ದರೆ ಅದನ್ನೂ ಹೇಳಿ ಸೇರಿಸಿಸಿ.

ಮೂರನೆಯದು ಬೆಳೆ ಸಮೀಕ್ಷೆ. ಜಾಸ್ತಿ ಜನ ಎಡವುವುದು ಇಲ್ಲೇ.

ಪ್ರತಿ ಹಂಗಾಮಿನಲ್ಲೂ ಸರ್ಕಾರ ಪ್ರತಿ ಸರ್ವೆ ನಂಬರಿನಲ್ಲಿ ಏನು ಬೆಳೆ ಇದೆ ಅಂತ ಮೊಬೈಲ್ ಆ್ಯಪಿನಲ್ಲಿ ಫೋಟೋ ಸಮೇತ ದಾಖಲು ಮಾಡಿಸುತ್ತದೆ. ರೈತರೇ ಮಾಡಬಹುದು, ಅದಕ್ಕೆ ಅಂತಲೇ ರೈತರ ಬೆಳೆ ಸಮೀಕ್ಷೆ ಆ್ಯಪ್ ಇದೆ. ಹಂಗಾಮಿಗೆ ಹೊಸದು ಬರುತ್ತದೆ, ಹಿಂದಿನ ವರ್ಷದ್ದನ್ನೇ ತೆರೆದು ಆಗ್ತಿಲ್ಲ ಅನ್ನಬೇಡಿ. ನೀವು ಮಾಡದಿದ್ದರೆ ಊರಿನಲ್ಲೇ ನೇಮಕ ಮಾಡಿಕೊಂಡ ಹುಡುಗರು, ನಾವೆಲ್ಲ ಪಿಆರ್ ಅನ್ನುತ್ತೇವಲ್ಲ, ಅವರು ಬಂದು ಮಾಡುತ್ತಾರೆ. ಅವರಿಗೆ ಒಬ್ಬೊಬ್ಬರಿಗೆ ನೂರಾರು ತಾಕು ಇರುತ್ತದೆ, ತಪ್ಪು ಆಗುವುದು ಸಹಜ. ನಮ್ಮದೇ ಹೇಳುತ್ತೇನೆ. ಶೇಂಗಾದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ ಹಾಕಿದ್ದೆವು. ಬದುವಿನ ಮೇಲೆ ನಿಂತು ತೆಗೆದ ಫೋಟೋದಲ್ಲಿ ಎತ್ತರದ ತೊಗರಿ ಮಾತ್ರ ಕಾಣುತ್ತಿತ್ತು, ಶೇಂಗಾ ನೆಲಕ್ಕೆ ಅಂಟಿಕೊಂಡಿತ್ತು. ದಾಖಲೆಯಲ್ಲಿ ಇಡೀ ಹೊಲ ತೊಗರಿ ಅಂತ ಆಯಿತು. ನಾವು ವಿಮೆ ಕಟ್ಟಿದ್ದು ಶೇಂಗಾಕ್ಕೆ! ನೋಡದೇ ಬಿಟ್ಟಿದ್ದರೆ ವಿಮೆಯೂ ಹೋಗುತ್ತಿತ್ತು.

ನೋಡೋದು ಹೇಗೆ ಅಂದರೆ ಬೆಳೆ ದರ್ಶಕ್ ಅಂತ ಇನ್ನೊಂದು ಆ್ಯಪ್ ಇದೆ. ಅದರಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದ್ದಾರೆ, ಎಷ್ಟು ವಿಸ್ತೀರ್ಣ, ಫೋಟೋ ಯಾವುದು ಎಲ್ಲ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು, ಆದರೆ ಅದಕ್ಕೆ ಕೊನೆ ದಿನ ಅಂತ ಇರುತ್ತದೆ. ನಾನು ಹೊಲದ ಒಳಗೆ ಹೋಗಿ, ಒಂದು ಶೇಂಗಾ ಗಿಡ ಕಿತ್ತು ಕೈಯಲ್ಲಿ ಹಿಡಿದು, ಹಿಂದೆ ಸಾಲುಗಳು ಕಾಣುವ ಹಾಗೆ ಫೋಟೋ ತೆಗೆದು ಆಕ್ಷೇಪಣೆ ಹಾಕಿದೆ. ಸರಿ ಆಯಿತು. ಇನ್ನೊಂದು ತಪ್ಪು ಅಂದರೆ ಬೆಳೆ ಒಣಗಿ ಹೋದ ಮೇಲೆ ಫೋಟೋ ತೆಗೆದು ಬೀಳು ಅಂತ ಬರೆದುಬಿಡುವುದು. ಬೀಳು ಅಂತ ಆದರೆ ಅಲ್ಲಿ ಬೆಳೆಯೇ ಇರಲಿಲ್ಲ ಅಂತ ಅರ್ಥ, ಪರಿಹಾರದ ಮಾತೇ ಇಲ್ಲ. ಆದ್ದರಿಂದ ಬಿತ್ತಿದ ಒಂದು ತಿಂಗಳೊಳಗೆ, ಹಸಿರು ಇರುವಾಗಲೇ ನೀವೇ ಸಮೀಕ್ಷೆ ಮಾಡಿ ಮುಗಿಸಿದರೆ ಒಳ್ಳೆಯದು.

ನಾಲ್ಕನೆಯದು ಬ್ಯಾಂಕ್. ಪರಿಹಾರ ಬರುವುದು ನೀವು ಬರೆದುಕೊಟ್ಟ ಖಾತೆಗೆ ಅಲ್ಲ, ಆಧಾರ್ ಜೋಡಣೆ ಆದ ಖಾತೆಗೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದವರಿಗೆ ಯಾವುದಕ್ಕೆ ಜೋಡಣೆ ಆಗಿದೆ ಅಂತಲೇ ಗೊತ್ತಿರುವುದಿಲ್ಲ. ಬ್ಯಾಂಕಿಗೆ ಹೋಗಿ "ನನ್ನ ಆಧಾರ್ ಎನ್‌ಪಿಸಿಐನಲ್ಲಿ ಯಾವ ಖಾತೆಗೆ ಮ್ಯಾಪ್ ಆಗಿದೆ" ಅಂತ ಇದೇ ಪದ ಬಳಸಿ ಕೇಳಿ. ಎನ್‌ಪಿಸಿಐ ಅಂದರೆ ಬ್ಯಾಂಕುಗಳ ನಡುವೆ ಹಣದ ರವಾನೆ ನೋಡಿಕೊಳ್ಳುವ ಸಂಸ್ಥೆ. ಬರೀ ಆಧಾರ್ ಜೆರಾಕ್ಸ್ ಕೊಟ್ಟಿದ್ದೇನೆ ಅಂದರೆ ಸಾಲದು.

ಇಷ್ಟು ಆದರೆ ನಿಮ್ಮ ಪಾಲಿನ ಕೆಲಸ ಮುಕ್ಕಾಲು ಮುಗಿದ ಹಾಗೆ. ಬರ ಘೋಷಣೆ ತಾಲೂಕಿನ ಲೆಕ್ಕದಲ್ಲಿ ಆಗುತ್ತದೆ, ನಿಮ್ಮ ಹೊಲದ ಲೆಕ್ಕದಲ್ಲಿ ಅಲ್ಲ. ಮಳೆ ಕೊರತೆ, ಸತತ ಮೂರ್ನಾಲ್ಕು ವಾರ ಮಳೆ ಇಲ್ಲದಿರುವುದು, ಉಪಗ್ರಹದಲ್ಲಿ ಕಾಣುವ ಹಸಿರು, ಮಣ್ಣಿನ ತೇವ, ಕೆರೆಕಟ್ಟೆಯ ನೀರು ಎಲ್ಲ ನೋಡಿ, ಕೊನೆಗೆ ತಾಲೂಕಿನ ನೂರಕ್ಕೆ ಹತ್ತು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ತಪಾಸಣೆ ಮಾಡುತ್ತಾರೆ. ನಿಮ್ಮೂರಿಗೆ ಆ ತಂಡ ಬಂದರೆ ರಸ್ತೆ ಪಕ್ಕದ ಬೋರ್‌ವೆಲ್ ಹೊಲ ಮಾತ್ರ ನೋಡಿ ಹೋಗದಂತೆ ಒಳಗಿನ ಮಳೆಯಾಶ್ರಿತ ಹೊಲಗಳಿಗೆ ಕರೆದುಕೊಂಡು ಹೋಗಿ. ಪಟ್ಟಿಯಲ್ಲಿ ನಿಮ್ಮ ತಾಲೂಕು ಇಲ್ಲ ಅಂತ ಕೈ ಚೆಲ್ಲಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಮೊದಲು 195 ತಾಲೂಕು ಘೋಷಣೆ ಆಯಿತು, ಆಮೇಲೆ 21, ಮತ್ತೆ 7 ಸೇರಿ 223 ಆಯಿತು. ಮೊದಲು ಬಿಟ್ಟುಹೋಗಿದ್ದ 28 ತಾಲೂಕು ಹೀಗೆ ಸೇರಿದವು. ತಹಶೀಲ್ದಾರರಿಗೆ ಊರಿನವರೆಲ್ಲ ಸೇರಿ ಮನವಿ ಕೊಡಿ, ಅಕ್ಟೋಬರ್ ಕೊನೆಯ ಒಳಗೆ ಕೊಡಿ.

ಎಷ್ಟು ಬರುತ್ತದೆ? 2023ರ ಬರಕ್ಕೆ ಅನ್ವಯ ಆಗಿದ್ದ ದರ ಹೇಳುತ್ತೇನೆ. ಬೆಳೆ ನಷ್ಟ ಶೇ. 33 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿಗೆ 17,000 ರೂ., ತೋಟದಂಥ ಬಹುವಾರ್ಷಿಕ ಬೆಳೆಗೆ 22,500 ರೂ. ಒಬ್ಬರಿಗೆ ಗರಿಷ್ಠ 2 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ ಐದು ಎಕರೆ. ನಮ್ಮ ಲೆಕ್ಕಕ್ಕೆ ಇಳಿಸಿದರೆ ಮಳೆಯಾಶ್ರಿತ ಬೆಳೆಗೆ ಗುಂಟೆಗೆ ಸುಮಾರು 86 ರೂ. ಮೂರೂವರೆ ಎಕರೆ ಅಂದರೆ 140 ಗುಂಟೆ, 12 ಸಾವಿರದ ಆಸುಪಾಸು. ಬೀಜ, ಗೊಬ್ಬರ, ಉಳುಮೆಯ ಖರ್ಚಿಗೂ ಇದು ಸಾಲುವುದಿಲ್ಲ, ನನಗೂ ಗೊತ್ತು. ಆದರೆ ಬರಬೇಕಾದ 12 ಸಾವಿರವನ್ನು ಯಾಕೆ ಬಿಡಬೇಕು, ಅಲ್ವಾ?

ಹಣ ಬೇಗ ಬರುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಆ ಸಲ ಸೆಪ್ಟೆಂಬರ್‌ನಲ್ಲಿ ಘೋಷಣೆ ಆದರೂ 2,000 ರೂ. ವರೆಗಿನ ಮೊದಲ ಕಂತು ಬಂದಿದ್ದು ಜನವರಿಯಲ್ಲಿ. ಕೇಂದ್ರದಿಂದ ರಾಜ್ಯ 18,171 ಕೋಟಿ ಕೇಳಿತ್ತು, ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆ ಆಯಿತು. ಬಾಕಿ ಹಣ ರೈತರ ಖಾತೆಗೆ ಬಂದಿದ್ದು ಮೇನಲ್ಲಿ, ಅದೂ ಮೊದಲು ಕೊಟ್ಟ ಎರಡು ಸಾವಿರ ಕಳೆದುಕೊಂಡು. ಪೂರ್ತಿ ಎಂಟು ತಿಂಗಳು. ಮುಂದಿನ ಬಿತ್ತನೆಗೆ ಬೇರೆ ದಾರಿ ನೋಡಿಕೊಂಡಿರಬೇಕು.

ಹಣ ಬಿಡುಗಡೆ ಆದ ಸುದ್ದಿ ಬಂದಮೇಲೆ ಭೂಮಿ ವೆಬ್‌ಸೈಟಿನಲ್ಲಿ ಪರಿಹಾರ ಅನ್ನೋ ಪುಟ ತೆರೆಯಿರಿ. ವರ್ಷ, ಹಂಗಾಮು, ವಿಪತ್ತಿನ ಜಾಗದಲ್ಲಿ ಬರ ಆರಿಸಿ, ಆಧಾರ್ ಅಥವಾ ಎಫ್‌ಐಡಿ ಹಾಕಿದರೆ ಎಷ್ಟು ಹಣ, ಯಾವ ಬ್ಯಾಂಕಿಗೆ, ಹೋಗಿದೆಯೋ ಇಲ್ಲವೋ ಎಲ್ಲ ಬರುತ್ತದೆ. ಹೋಗಿಲ್ಲ ಅಂದರೆ ಅದರ ಪ್ರಿಂಟ್ ತೆಗೆದುಕೊಂಡು ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಹೋಗಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಅರ್ಜಿ ಬರೆದು ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಂಡು ಇಟ್ಟುಕೊಳ್ಳಿ. ಬಂದ ಹಣವನ್ನು ಬ್ಯಾಂಕಿನವರು ಹಳೇ ಸಾಲಕ್ಕೆ ಜಮಾ ಮಾಡಿಕೊಂಡರೆ ಸುಮ್ನೆ ಬಿಡಬೇಡಿ. 2024ರಲ್ಲಿ ಹೀಗೆ ಆದಾಗ ಹಲವು ಜಿಲ್ಲಾಧಿಕಾರಿಗಳು ಪರಿಹಾರದ ಹಣವನ್ನು ಸಾಲಕ್ಕೆ ಹಿಡಿಯಬಾರದು ಅಂತ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದ್ದರು. ಮ್ಯಾನೇಜರಿಗೆ ಅರ್ಜಿ ಕೊಡಿ, ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೂ ಕಳಿಸಿ.

ಇನ್ನು ಬೆಳೆ ವಿಮೆ. ಇದು ಬರ ಪರಿಹಾರದಿಂದ ಬೇರೆಯೇ, ಎರಡೂ ಸಿಗಬಹುದು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ರೈತರು ಕಟ್ಟುವುದು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಬೆಳೆಗೆ ಶೇ. 5. ಕೊನೆ ದಿನ ಬೆಳೆಯಿಂದ ಬೆಳೆಗೆ ಬೇರೆ, ರಾಜ್ಯದ ಬೆಳೆ ವಿಮೆಯ 'ಸಂರಕ್ಷಣೆ' ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಬರದ ಮಟ್ಟಿಗೆ ಇಲ್ಲೂ ನಿಮ್ಮೊಬ್ಬರ ಹೊಲದ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಬಂದ ಇಳುವರಿ ನಿಗದಿ ಮಾಡಿದ ಇಳುವರಿಗಿಂತ ಎಷ್ಟು ಕಮ್ಮಿ ಅಂತ ನೋಡಿ ಹಣ ಕೊಡುತ್ತಾರೆ. ಮಳೆಯೇ ಬಾರದೆ ಆ ವಿಮಾ ಘಟಕದಲ್ಲಿ, ಅಂದರೆ ಆ ಬೆಳೆಗೆ ವಿಮೆಯ ಲೆಕ್ಕ ಹಾಕುವ ಪಂಚಾಯಿತಿಯಂಥ ಪ್ರದೇಶದಲ್ಲಿ, ಮುಕ್ಕಾಲು ಪಾಲಿಗಿಂತ ಜಾಸ್ತಿ ಜಮೀನು ಬಿತ್ತನೆ ಆಗದೇ ಉಳಿದರೆ ವಿಮಾ ಮೊತ್ತದ ಶೇ. 25 ಕೊಟ್ಟು ಅಲ್ಲಿಗೆ ಮುಗಿಸುತ್ತಾರೆ. ವಿಮೆ ಕಟ್ಟಿದ ಬೆಳೆಯೂ ಸಮೀಕ್ಷೆಯಲ್ಲಿ ಬರೆದ ಬೆಳೆಯೂ ಒಂದೇ ಇರಬೇಕು ಅನ್ನೋದನ್ನು ಮತ್ತೊಮ್ಮೆ ಹೇಳುತ್ತೇನೆ. ಏನಾದರೂ ಕೇಳಬೇಕಿದ್ದರೆ ವಿಮೆಯ ಸಹಾಯವಾಣಿ 14447.

ಸಾಲದ ವಿಷಯದಲ್ಲಿ ಒಂದೇ ಮಾತು. ಬರ ಘೋಷಣೆ ಆದ ಕಡೆ ಬೆಳೆಸಾಲವನ್ನು ಮುಂದೂಡಿ ಕಂತು ಮಾಡಿಕೊಡಲು ಬ್ಯಾಂಕುಗಳಿಗೆ ಅವಕಾಶ ಇದೆ. ಆದರೆ ಸಾಲ ಸುಸ್ತಿ ಆಗುವ ಮೊದಲೇ ಹೋಗಿ ಕೇಳಿ, ನೋಟಿಸ್ ಬಂದಮೇಲೆ ಕಷ್ಟ.

ಬೇರೆಯವರ ಜಮೀನನ್ನು ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ), ಗುತ್ತಿಗೆಗೆ ಮಾಡುವವರ ಸ್ಥಿತಿ ಬರೆಯುವಾಗ ಬೇಜಾರಾಗುತ್ತದೆ. ಬೆವರು ಅವರದ್ದು, ಬೀಜದ ಸಾಲ ಅವರದ್ದು, ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿರುವವರಿಗೆ. ಜಮೀನಿನ ಮಾಲೀಕರ ಜೊತೆ ಬಿತ್ತನೆಗೆ ಮುಂಚೆಯೇ, ಬರ ಬಿದ್ದು ಪರಿಹಾರ ಬಂದರೆ ಯಾರಿಗೆ ಎಷ್ಟು ಅಂತ ನಾಲ್ಕು ಜನರ ಎದುರು ಮಾತಾಡಿ ಚೀಟಿ ಬರೆದುಕೊಳ್ಳಿ. ಪಟ್ಟಣದಲ್ಲಿದ್ದು ಊರಿನ ಜಮೀನು ಕೋರಿಗೆ ಕೊಟ್ಟವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ಹಣ ಬೆಳೆ ಇಟ್ಟವರಿಗೆ ಕೊಡಿ.

ಅಜ್ಜಿಯ ಪೌತಿ ಖಾತೆ ಕಳೆದ ವರ್ಷ ಆಯಿತು. ಎಫ್‌ಐಡಿ ಮಾಡಿಸಿ, ಬ್ಯಾಂಕಿನಲ್ಲಿ ಮ್ಯಾಪಿಂಗ್ ಮಾಡಿಸಿದೆವು. 2023ರ ಹಣ ಮಾತ್ರ ಅವರಿಗೆ ಕೊನೆಗೂ ಬರಲಿಲ್ಲ. ಈಗ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಬಿತ್ತನೆ ಆದ ವಾರಕ್ಕೇ ಬಂದು ಕೇಳುತ್ತಾರೆ, "ಫೋಟೋ ಯಾವಾಗ ಹೊಡೀತೀಯಪ್ಪಾ" ಅಂತ.