ಎಂಜಿನ್ ಯಾವಾಗ ಕಾಯುತ್ತದೆ, ಅದನ್ನು ಮೊದಲು ಗಮನಿಸಿ

ವಿಜಯಪುರದ ಬೇಸಿಗೆಯಲ್ಲಿ ಕಾರಿನ ತಾಪಮಾನದ ಮುಳ್ಳು ಏರಿದ ಕೂಡಲೇ ರೇಡಿಯೇಟರ್ (ಎಂಜಿನ್‌ನಿಂದ ಬರುವ ಬಿಸಿ ನೀರನ್ನು ತಣಿಸುವ ಭಾಗ) ಬದಲಿಸಲು ಹಣ ಸುರಿಯಬೇಡಿ. ಯಾವ ಹೊತ್ತಿನಲ್ಲಿ ಏರುತ್ತದೆ ಎಂಬುದೇ ಅರ್ಧ ಉತ್ತರ ಹೇಳುತ್ತದೆ.

ಗಾಂಧಿ ಚೌಕದ ದಟ್ಟಣೆಯಲ್ಲಿ ಕಾದು, ಸೊಲ್ಲಾಪುರ ರಸ್ತೆಗೆ ಬಿದ್ದೊಡನೆ ತಣ್ಣಗಾಗುತ್ತದೆಯೇ? ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲ ಎಂದು ಶಂಕಿಸಿ. ಎಸಿ ಹಾಕಿದಾಗ ಅದು ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ (ಫ್ಯಾನ್‌ಗೆ ವಿದ್ಯುತ್ ಹರಿಸುವ ಸ್ವಿಚ್), ಆಮೇಲೆ ಮೋಟಾರ್ ಪರೀಕ್ಷಿಸಿ. ಊರೊಳಗೆ ಸರಿಯಿದ್ದು ಹೆದ್ದಾರಿಯ ವೇಗದಲ್ಲಿ ಮಾತ್ರ ಕಾದರೆ ರೇಡಿಯೇಟರ್ ಕಟ್ಟಿರಬಹುದು, ನೀರಿನ ಪಂಪ್ ದಣಿದಿರಬಹುದು. ಎಂಜಿನ್ ಪೂರ್ತಿ ಕಾದ ಮೇಲೂ ರೇಡಿಯೇಟರ್‌ನ ಒಂದು ಹೋಸ್ (ರಬ್ಬರ್ ಕೊಳವೆ) ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ತೆರೆಯುತ್ತಿಲ್ಲ ಎಂಬ ಗುಮಾನಿ ಬಲವಾಗುತ್ತದೆ. ಅದು ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತೆರೆಯಬೇಕು.

ಸೋರಿಕೆ ಕಾಣದೆಯೂ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಡಿಮೆಯಾಗುತ್ತಿದ್ದರೆ, ಜೊತೆಗೆ ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಇದೆ. ಆಗ ಗಾಡಿ ಓಡಿಸಲೇಬೇಡಿ.

ನಮ್ಮ ಕಡೆಯ ಬೋರ್‌ವೆಲ್ ನೀರನ್ನು ದಯವಿಟ್ಟು ತುಂಬಬೇಡಿ. ಗಡಸು ನೀರಿನ ಸುಣ್ಣ ಸಣ್ಣ ನಳಿಕೆಗಳಲ್ಲಿ ಕಟ್ಟಿಕೊಳ್ಳುತ್ತದೆ. ತಯಾರಕರು ಹೇಳಿದ ಕೂಲೆಂಟನ್ನೇ ಹಾಕಿ, ಬೆರೆಸಬೇಕಾದರೆ ಡಿಸ್ಟಿಲ್ಡ್ ನೀರು ಬಳಸಿ.

ಎಂಜಿನ್ ಬಿಸಿಯಿರುವಾಗ ರೇಡಿಯೇಟರ್‌ನ ಮುಚ್ಚಳವನ್ನು ಯಾರೂ ತೆರೆಯಬೇಡಿ. ಒಳಗಿನ ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ನೆರಳಿನಲ್ಲಿ ನಿಲ್ಲಿಸಿ, ಹೋಸ್ ಕೈಗೆ ತಣ್ಣಗಾಗುವವರೆಗೆ ಕಾಯಿರಿ.